ಫ್ಯಾಶನ್ ಪತ್ರಿಕೆಯೂ ಜವಳಿ ಅಂಗಡಿಯ ಗಿರಾಕಿಯೂ

ಪುರುಷರ ಉಡುಪು ಹಾಗೂ ಜೀವನಶೈಲಿಗೆಂದೇ ಮೀಸಲಾದ ಇಂಗ್ಲಿಷ್ ನಿಯತಕಾಲಿಕೆಗಳು ಭಾರತಕ್ಕೆ ಹೊಸತಲ್ಲ. ‘ಮ್ಯಾನ್ಸ್ ವರ್ಲ್ಡ್’ 2000ರಲ್ಲಿ ಆರಂಭವಾಯಿತು. ‘ಜಿಕ್ಯೂ’ ಪತ್ರಿಕೆಯ ಭಾರತೀಯ ಆವೃತ್ತಿ 2008ರಲ್ಲಿ ಬಂದಿತು. ಇವುಗಳ ನುಣುಪಾದ ಪುಟಗಳಲ್ಲಿ ಪುರುಷನು ಕನ್ನಡಿಯ ಮುಂದೆ ಏಕಾಂಗಿಯಾಗಿ ನಿಂತು, ತಾನು ಏನು ತೊಡಬೇಕೆಂಬುದನ್ನು ತಾನೇ ನಿರ್ಧರಿಸುತ್ತಾನೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಪೇಟೆಗಳ ಜವಳಿ ವರ್ತಕರು ಇಂತಹ ಗಿರಾಕಿಯನ್ನು ಕಂಡಿರುವುದು ವಿರಳ.

ಲಗ್ನದ ಬಸ್ತಾ ತೆಗೆಯಲು ಬಂದ ಮನೆಮಂದಿ ಬೆಳಗಿನಿಂದ ಮಧ್ಯಾಹ್ನದವರೆಗೆ ಸೀರೆಗಳನ್ನು ಬಿಡಿಸಿ ನೋಡುತ್ತಾರೆ. ಗಂಡಸರ ಬಟ್ಟೆಯ ಸರದಿ ಬರುವುದು ಕಟ್ಟಕಡೆಗೆ, ಎಲ್ಲರೂ ದಣಿದ ಮೇಲೆ. ಮದುಮಗನದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಕಾಲು ಗಂಟೆಯಲ್ಲಿ ಮುಗಿದುಹೋಗುತ್ತದೆ. ಸೋದರಮಾವ, ಅಳಿಯಂದಿರು, ಬೀಗರು ಮುಂತಾದವರಿಗೆ ಆಯೇರಿಯಾಗಿ ಸಲ್ಲುವ ಶರ್ಟ್ ಪೀಸು, ಪ್ಯಾಂಟ್ ಪೀಸುಗಳನ್ನು ಆರಿಸುವವನು ಕೊಡುವವನೇ. ಅವನು ಬಣ್ಣಕ್ಕಿಂತ ಮೊದಲು ಬೆಲೆಯನ್ನು ನೋಡುತ್ತಾನೆ. ಒಬ್ಬ ಬೀಗನಿಗೆ ಕೊಟ್ಟದ್ದು ಇನ್ನೊಬ್ಬನಿಗೆ ಕೊಟ್ಟದ್ದಕ್ಕಿಂತ ಕಡಿಮೆಯಾಯಿತೆಂಬ ಮಾತು ಬರಬಾರದಲ್ಲ! ಹೀಗೆ ಬಂದ ಪೀಸು ಟ್ರಂಕಿನಲ್ಲಿ ವರ್ಷಗಟ್ಟಲೆ ಮಲಗಿ, ಮತ್ತೊಂದು ಲಗ್ನದಲ್ಲಿ ಮತ್ತೊಬ್ಬರ ಆಯೇರಿಯಾಗುವುದೂ ಉಂಟು. ಫ್ಯಾಶನ್ ಪುಟಗಳಲ್ಲಿ ಈ ಚಲಾವಣೆಗೆ ಸ್ಥಾನವಿಲ್ಲ. ಜವಳಿ ಪೇಟೆಯ ಲೆಕ್ಕದಲ್ಲಿ ಇದೆ.

ನಿಯತಕಾಲಿಕೆಗಳ ಪ್ರಭಾವವೇ ಇಲ್ಲವೆನ್ನಲಾಗದು. ಅದು ಮೊದಲು ಚಲನಚಿತ್ರದ ನಾಯಕನ ಮೈಮೇಲೆ, ಈಗ ಮೊಬೈಲಿನ ಪರದೆಯ ಮೇಲೆ ಸುತ್ತಿಬಳಸಿ ಬರುತ್ತದೆ. ಕಾಲೇಜಿನ ಹುಡುಗನು ಚಿತ್ರ ತೋರಿಸಿ ಅಂಥದ್ದೇ ಬೇಕೆನ್ನುತ್ತಾನೆ. ಅವನ ತಂದೆಯ ಪ್ರಶ್ನೆಗಳು ಬೇರೆ: ಬೇಸಿಗೆಯ ಬಿಸಿಲಿಗೆ ಬೆವರು ಹೀರೀತೆ, ನಾಲ್ಕು ಒಗೆತಕ್ಕೆ ಬಣ್ಣ ಬಿಟ್ಟೀತೆ, ಎದೆಯ ಕಿಸೆ ಅಗಲವಾಗಿದೆಯೆ. ಹೊಲಿಗೆಯ ಮಾತನ್ನು ಅವನು ಸಿಂಪಿಗನಿಗೆ ಬಿಟ್ಟುಬಿಡುತ್ತಾನೆ. ಇಂಥವನನ್ನು ಅಭಿರುಚಿಯಿಲ್ಲದವನೆಂದು ತಿಳಿಯುವುದು ವರ್ತಕರಿಗೆ ಶೋಭಿಸದು. ಬಟ್ಟೆಯನ್ನು ಮುಷ್ಟಿಯಲ್ಲಿ ಹಿಚುಕಿ ಬಿಟ್ಟು, ಬಿದ್ದ ನೆರಿಗೆಯನ್ನು ಅವನು ನೋಡುವ ರೀತಿಯಲ್ಲಿ ತಲೆಮಾರುಗಳ ಅನುಭವವಿದೆ.

ಈ ಗಿರಾಕಿಗೆ ಜಿಲ್ಲೆಯ ಮಗ್ಗಗಳು ಕೊಡುತ್ತಿರುವುದೇನು? ಇಳಕಲ್ಲಿನ ಮಗ್ಗ ಸೀರೆಯನ್ನು ನೇಯುತ್ತದೆ, ಗುಳೇದಗುಡ್ಡದ ಮಗ್ಗ ರವಿಕೆಯ ಖಣವನ್ನು. ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳದೂ ಬಹುಮಟ್ಟಿಗೆ ಸೀರೆಯೇ. ನೇಕಾರರ ನಾಡೆನಿಸಿದ ಇಲ್ಲಿನ ಗಂಡಸರ ಧೋತರ, ಅಂಗಿಯ ಬಟ್ಟೆ ಬಹುಪಾಲು ಹೊರಗಿನಿಂದ ಬರುತ್ತದೆ. ನಿತ್ಯ ಸೀರೆ ಉಡುವ ತರುಣಿಯರು ಕಡಿಮೆಯಾಗುತ್ತಿರುವ ಕಾಲದಲ್ಲಿ ಒಂದೇ ಸರಕನ್ನು ನಂಬಿದ ಕೈಮಗ್ಗ ಎಷ್ಟು ದಿನ ನಡೆದೀತು?

ಖಣವನ್ನೇ ಕತ್ತರಿಸಿ ಕುರ್ತಾ, ಜಾಕೀಟು ಹೊಲಿಯುವ ಪ್ರಯತ್ನಗಳು ನಡೆದಿವೆ. ಅವು ಸಮಾರಂಭಕ್ಕೆ ಚೆನ್ನ, ನಿತ್ಯದ ಅಂಗಿಯಾಗಲಾರವು. ಖಣದ ಪನ್ನ ಕಿರಿದು, ಮಿರುಗು ಹೆಚ್ಚು. ಅಂಗಿಗೆಂದೇ ನೇಯ್ದ ಬಟ್ಟೆ ಬೇಕು: 36 ಇಂಚಿನ ಪನ್ನ, ಹತ್ತಿಯ ನೂಲು, ತಣ್ಣನೆಯ ಬಣ್ಣ, ಬೇಕಿದ್ದರೆ ಗುಂಡಿಪಟ್ಟಿಗೆ ಗೋಮಿ ದಡಿಯ ಸಣ್ಣದೊಂದು ಗೆರೆ. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸುವ ಟೋಪ ತೆನಿಯ ಶ್ರಮ ಈ ನೇಯ್ಗೆಗೆ ಇಲ್ಲ. ಪೂರ್ಣ ತೋಳಿನ ಅಂಗಿಗೆ ಸುಮಾರು ಎರಡೂವರೆ ಮೀಟರು ಸಾಕು.

ಇದರ ಮೊದಲ ಮಾರುಕಟ್ಟೆಯನ್ನು ಬೆಂಗಳೂರಿನ ಮಳಿಗೆಗಳಲ್ಲಿ ಹುಡುಕುವ ಅಗತ್ಯವಿಲ್ಲ. ಆಯೇರಿಯೇ ಆ ಮಾರುಕಟ್ಟೆ. ಒಂದೇ ಬೆಲೆಯ, ಒಂದೇ ಪೆಟ್ಟಿಗೆಯ ಹತ್ತಿಪ್ಪತ್ತು ಪೀಸುಗಳು ಒಮ್ಮೆಗೇ ದೊರೆತರೆ ಬೀಗರ ಮುಂದೆ ಮಾತು ಬಾರದು. ಹೊಲಿದ ಅಂಗಿಯನ್ನೇ ಮಾರುವವರು ಬೆಲೆಯ ಮೇಲೆ ಕಣ್ಣಿಡಬೇಕು: 2025ರ ಸೆಪ್ಟೆಂಬರ್ 22ರಿಂದ 2,500 ರೂ. ವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ. 5, ಅದನ್ನು ಮೀರಿದರೆ ಶೇ. 18. ಹೆಸರಿನ ವಿಷಯದಲ್ಲಿಯೂ ಎಚ್ಚರ ಬೇಕು. ಇಳಕಲ್ ಎಂಬ ಭೌಗೋಳಿಕ ಗುರುತಿನ ಮಾನ್ಯತೆ ಸೀರೆಗೆ ಸಂದದ್ದು; ಅಂಗಿಯ ಬಟ್ಟೆ ತನ್ನದೇ ಹೆಸರನ್ನು ಗಳಿಸಬೇಕಾಗುತ್ತದೆ.

ಉಳಿದ ತೊಡಕು ನಷ್ಟ ಹೊರುವವರಾರೆಂಬುದು. ಮಾರಾಟವಾಗದ ಹೊಸ ಬಟ್ಟೆಯ ಭಾರವನ್ನು ನೇಕಾರನಾಗಲಿ, ಅವನಿಗೆ ನೂಲು ಕೊಡುವ ಮಾಲೀಕನಾಗಲಿ ತಾನಾಗಿ ಹೊರಲು ಮುಂದಾಗಲಾರ. ನಾಲ್ಕೂ ಪೇಟೆಗಳ ಕೆಲವು ಜವಳಿ ವರ್ತಕರು ಕೂಡಿ ಮೊದಲ ಹಾಸಿಗೆ ಮುಂಗಡ ಕೊಟ್ಟು, ಉಳಿದ ಪೀಸುಗಳನ್ನು ತಮ್ಮಲ್ಲೇ ಹಂಚಿಕೊಳ್ಳುವ ಕರಾರು ಮಾಡಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವ ನಷ್ಟ ಅಲ್ಪ. ಪುಷ್ಯದ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯಲ್ಲಿ ಈ ಬಟ್ಟೆ ಕಾಣಿಸಬೇಕಾದರೆ ದಸರೆಯ ಹೊತ್ತಿಗೆ ಹಾಸು ಮಗ್ಗವನ್ನೇರಿರಬೇಕು.