ಕ್ವಾರಿಯ ನೀರಿಗೆ ವಾರಸುದಾರರು ಯಾರು?

ಕರ್ನಾಟಕದಲ್ಲಿ ಸ್ಕೂಬಾ ಡೈವಿಂಗ್ ಎಂದೊಡನೆ ನೆನಪಿಗೆ ಬರುವುದು ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಅಲ್ಲಿ ಕಡಲಿಗಿಳಿದು ಬಂದವರು ಈಗ ಊರೂರಿನಲ್ಲೂ ಸಿಗುತ್ತಾರೆ. ಮಳೆಗಾಲದಲ್ಲಿ ಕಡಲು ಒಲ್ಲದು. ಕಲಿತ ವಿದ್ಯೆಗೆ ಅಭ್ಯಾಸ ಬೇಕು. ಹೀಗಾಗಿ ಹೊಸಬರ ಕಣ್ಣು ಮನೆಗೆ ಹತ್ತಿರದ ಕೆರೆಗಳತ್ತ, ಕಲ್ಲು ತೆಗೆದು ಕೈಬಿಟ್ಟ ಕ್ವಾರಿ ಹೊಂಡಗಳತ್ತ ಹೊರಳುವುದು ಸಹಜ. ಇದನ್ನು ಪೇಟೆಯವರ ಹುಚ್ಚೆಂದು ತಳ್ಳಿಹಾಕುವುದಾಗಲಿ, ಪ್ರವಾಸೋದ್ಯಮದ ವರವೆಂದು ಹಾರ ಹಾಕಿ ಬರಮಾಡಿಕೊಳ್ಳುವುದಾಗಲಿ ಮಲೆನಾಡಿನ ಗ್ರಾಮಗಳಿಗೆ ತಕ್ಕುದಲ್ಲ. ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಆ ನೀರಿನ ಹೊಣೆ ಹೊತ್ತವರು ಯಾರು?

ಈ ಪ್ರಶ್ನೆಯ ಬೆಲೆ ಏನೆಂಬುದನ್ನು ಬ್ರಿಟನ್ನಿನ ಎರಡು ಕ್ವಾರಿಗಳು ತೋರಿಸುತ್ತವೆ. ಲೆಸ್ಟರ್‌ಶೈರಿನ ಸ್ಟೋನಿ ಕೋವ್ ಎಂಬಲ್ಲಿ 1950ರ ದಶಕದ ಕೊನೆಗೆ ಕಲ್ಲು ತೆಗೆಯುವುದು ನಿಂತಿತು. ಒರತೆಯ ನೀರು ತುಂಬಿ ಕ್ವಾರಿ ಕೊಳವಾಯಿತು. ಉತ್ತರ ಸಮುದ್ರದ ತೈಲಬಾವಿಗಳಲ್ಲಿ ದುಡಿಯಲು ಹೊರಟ ಡೈವರುಗಳು ಅಲ್ಲಿ ತರಬೇತಿ ಪಡೆದರು. ಏಳು, ಇಪ್ಪತ್ತು, ಮೂವತ್ತೈದು ಮೀಟರುಗಳ ಆಸುಪಾಸಿನಲ್ಲಿ ಮೆಟ್ಟಿಲಿನಂತಿರುವ ಹಾಸುಗಳು ಹೊಸಬರಿಗೆ ಅನುಕೂಲ. ಪ್ರವೇಶಕ್ಕೆ ನಿಯಮವಿದೆ, ಕಾಯುವ ಸಿಬ್ಬಂದಿ ಇದ್ದಾರೆ. ಅಷ್ಟಿದ್ದೂ ಅಲ್ಲಿ ಸಾವುಗಳು ಸಂಭವಿಸಿವೆ. ಇನ್ನೊಂದು, ವೇಲ್ಸಿನ ನಾಂಟ್ಲೆ ಕಣಿವೆಯ ಡೊರೋಥಿಯಾ. ಚಪ್ಪಡಿಕಲ್ಲಿನ ಈ ಗಣಿ 1970ರಲ್ಲಿ ಮುಚ್ಚಿ, ನೀರೆತ್ತುವ ಪಂಪುಗಳು ನಿಂತಾಗ ನೂರು ಮೀಟರಿಗೂ ಮಿಕ್ಕಿದ ಆಳದ ಮಡು ಸೃಷ್ಟಿಯಾಯಿತು. ಅಲ್ಲಿ ಸೌಕರ್ಯವಿಲ್ಲ, ಕಾವಲಿಲ್ಲ. ಡೈವಿಂಗಿಗೆ ಅನುಮತಿಯೂ ಇರಲಿಲ್ಲ. ಆದರೂ ಜನ ಇಳಿದರು. 1994ರಿಂದ 2004ರವರೆಗಿನ ಒಂದೇ ದಶಕದಲ್ಲಿ ಇಪ್ಪತ್ತಕ್ಕೂ ಹೆಚ್ಚು ಡೈವರುಗಳು ಅಲ್ಲಿ ಪ್ರಾಣ ತೆತ್ತರು. ಎರಡೂ ಕಡೆ ಕಲ್ಲು ತೆಗೆದ ಗುಂಡಿಯೇ, ನಿಂತ ನೀರೇ. ಒಂದಕ್ಕೆ ಹೊಣೆಗಾರರಿದ್ದರು, ಇನ್ನೊಂದಕ್ಕೆ ಇರಲಿಲ್ಲ.

ಕ್ವಾರಿಯ ನೀರು ಕಡಲಿನಂತೆಯೂ ಅಲ್ಲ, ಕೆರೆಯಂತೆಯೂ ಅಲ್ಲ. ಕೆರೆಗೆ ಅಂಚಿದೆ, ಮೊಣಕಾಲು, ಸೊಂಟ, ಎದೆಮಟ್ಟವೆಂದು ಅದು ಎಚ್ಚರಿಸುತ್ತಲೇ ಆಳವಾಗುತ್ತದೆ. ಕ್ವಾರಿ ಗೋಡೆ ಕಡಿದಂತೆ ನೇರ ಇಳಿಯುತ್ತದೆ. ಮೇಲಿನ ನೀರು ಬೆಚ್ಚಗಿದ್ದು, ಕೆಲವೇ ಮೀಟರು ಕೆಳಗೆ ತಣ್ಣನೆಯ ಪದರ ಥಟ್ಟನೆ ಎದುರಾಗುತ್ತದೆ. ತಳದಲ್ಲಿ ಕಲ್ಲುಪುಡಿಯ ಕೆಸರು. ಕಾಲು ಬಡಿದರೆ ಕ್ಷಣಾರ್ಧದಲ್ಲಿ ಕೈಯೇ ಕಾಣದಷ್ಟು ಕದಡುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ. ಸಲಕರಣೆ ಸೇರಿ ನೂರು ಕಿಲೋ ತೂಗುವ ಡೈವರನಿಗೆ ಇದರಿಂದ ಸುಮಾರು ಎರಡೂವರೆ ಕಿಲೋದಷ್ಟು ವ್ಯತ್ಯಾಸ. ಕಡಲಿನ ಲೆಕ್ಕದಲ್ಲೇ ಸೊಂಟಕ್ಕೆ ಸೀಸ ಕಟ್ಟಿಕೊಂಡು ಇಳಿದ ಹೊಸಬ ಎಣಿಸಿದ್ದಕ್ಕಿಂತ ಬೇಗ ಮುಳುಗುತ್ತಾನೆ. ಮೊದಲ ಹಂತದ ತರಬೇತಿ ಮುಗಿಸಿದವರ ಮಿತಿ ಹದಿನೆಂಟು ಮೀಟರು. ಆ ಮಿತಿಯನ್ನು ಕ್ವಾರಿಯ ಗೋಡೆ ಅರಿಯದು.

ಬೆಟ್ಟದ ಸೀಮೆಯವರು ಇನ್ನೂ ಒಂದು ಸಂಗತಿಯನ್ನು ತಿಳಿದಿರಬೇಕು. ಡೈವಿಂಗಿನ ಸಾಮಾನ್ಯ ಕೋಷ್ಟಕಗಳು ಸಮುದ್ರಮಟ್ಟದ ಗಾಳಿಯ ಒತ್ತಡವನ್ನು ಆಧರಿಸಿವೆ. ಮುನ್ನೂರು ಮೀಟರಿಗಿಂತ ಎತ್ತರದ ನೀರಿನಲ್ಲಿ ಆ ಲೆಕ್ಕವನ್ನು ಬದಲಿಸಿಕೊಳ್ಳಬೇಕು. ಮಡಿಕೇರಿ, ಚಿಕ್ಕಮಗಳೂರುಗಳಿರುವುದು ಸಾವಿರ ಮೀಟರಿಗಿಂತ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಕಡಲ ದಡಕ್ಕಿಂತ ಹತ್ತನೆಯ ಒಂದು ಭಾಗದಷ್ಟು ಕಡಿಮೆ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಗುಳ್ಳೆ ಏಳುವಂತೆ, ಆಳದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಮೇಲೆ ಬರುವಾಗ ಗುಳ್ಳೆಯಾಗಿ ಕೀಲುಗಳನ್ನು, ನರಗಳನ್ನು ಘಾಸಿಗೊಳಿಸಬಹುದು. ನೇತ್ರಾಣಿಯಲ್ಲಿ ಮುಳುಗೆದ್ದು ಅದೇ ಸಂಜೆ ಘಟ್ಟ ಹತ್ತಿ ಬೆಂಗಳೂರಿಗೆ ಹೊರಡುವವರಿಗೂ ಈ ಮಾತು ಅನ್ವಯಿಸುತ್ತದೆ. ಒಮ್ಮೆ ಮುಳುಗಿದವರು ಕನಿಷ್ಠ ಹನ್ನೆರಡು ಗಂಟೆ, ಹಲವು ಬಾರಿ ಮುಳುಗಿದವರು ಹದಿನೆಂಟು ಗಂಟೆ ಕಾದು ವಿಮಾನ ಹತ್ತಬೇಕೆಂಬುದು ತಜ್ಞರ ಸಲಹೆ. ಆರುನೂರು ಮೀಟರು ದಾಟುವ ಘಟ್ಟದ ರಸ್ತೆಗೂ ಅದೇ ಎಚ್ಚರ ಬೇಕು.

ಇದಿಷ್ಟೂ ಇಳಿಯುವವರ ಜೀವದ ಮಾತಾಯಿತು. ನೀರಿನೊಳಗಿನ ಜೀವಗಳ ಗತಿ ಏನು? ಅಮೆರಿಕದ ವರ್ಜೀನಿಯಾದಲ್ಲಿ ಮಿಲ್‌ಬ್ರೂಕ್ ಎಂಬ ಹನ್ನೆರಡು ಎಕರೆಯ ಕ್ವಾರಿಕೊಳವಿದೆ. ಡೈವಿಂಗ್ ಕಲಿಯುವವರ ತಾಣವಾಗಿದ್ದ ಅಲ್ಲಿ 2002ರಲ್ಲಿ ಜೀಬ್ರಾ ಮಸೆಲ್ ಎಂಬ ಉಗುರಿನ ಗಾತ್ರದ ಪರಕೀಯ ಚಿಪ್ಪುಜೀವಿ ಕಾಣಿಸಿಕೊಂಡಿತು. ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ ಪೈಪುಗಳನ್ನೇ ಕಟ್ಟಿಹಾಕಿ ಕುಖ್ಯಾತವಾದ ಜೀವಿ ಅದು. ಅದರ ಮರಿಗಳು ಕಣ್ಣಿಗೆ ಕಾಣಿಸುವುದಿಲ್ಲ. ದೋಣಿಯ ತಳದ, ಡೈವಿಂಗ್ ಉಡುಪಿನ ಒಂದಿಷ್ಟು ಹಸಿಯೇ ಅವುಗಳ ಪ್ರಯಾಣಕ್ಕೆ ಸಾಕು. 2006ರ ಆರಂಭದಲ್ಲಿ ಸುಮಾರು ಮೂರು ವಾರ ಇಡೀ ಕೊಳಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಸುರಿದು ಅದನ್ನು ನಿರ್ಮೂಲ ಮಾಡಬೇಕಾಯಿತು. ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರವೂ ಇದೇ ರಾಸಾಯನಿಕ. ಹೊರಗೆ ಹರಿಯದ ಕೊಳವಾದ್ದರಿಂದ ಅಷ್ಟಾದರೂ ಸಾಧ್ಯವಾಯಿತು. ಮಳೆಗಾಲದಲ್ಲಿ ತುಂಬಿ ಹಳ್ಳಕ್ಕೆ ಕೋಡಿ ಹರಿಯುವ ಮಲೆನಾಡಿನ ಕೆರೆಗೆ ಅಂಥದೊಂದು ಸೇರಿದರೆ ಹಿಂದಕ್ಕೆ ಕರೆಯುವ ದಾರಿಯಿಲ್ಲ. ತುಂಡಿನಿಂದಲೇ ಬೆಳೆದು ಕೆರೆಯ ಮೈ ಮುಚ್ಚುವ ಸಾಲ್ವೀನಿಯಾ ಕಳೆ, ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರ, ಎರಡೂ ಹಸಿ ಸಲಕರಣೆಯ ಜೊತೆ ಸಾಗಬಲ್ಲವು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಕಪ್ಪೆಗಳು ಪಶ್ಚಿಮಘಟ್ಟದಲ್ಲಿವೆ ಎಂಬುದನ್ನು ಇಲ್ಲಿ ನೆನೆಯಬೇಕು.

ಎಲ್ಲಕ್ಕಿಂತ ಸೂಕ್ಷ್ಮವಾದ ಅಪಾಯ ಕಾಗದದ ಮೇಲಿದೆ. ಕೈಬಿಟ್ಟ ಗಣಿಗುಂಡಿಗೆ ಬೇಲಿ ಇರಬೇಕೆಂದು 1961ರ ಗಣಿ ನಿಯಮಾವಳಿಯೇ ಹೇಳಿದೆ. ಗಣಿಗಾರಿಕೆ ಮುಗಿದ ನೆಲದಲ್ಲಿ ಮತ್ತೆ ಹುಲ್ಲು, ಮೇವು ಬೆಳೆಯುವಂತೆ ಮಾಡುವ ಷರತ್ತನ್ನು ಗುತ್ತಿಗೆಗಳಲ್ಲಿ ಸೇರಿಸಬೇಕೆಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಇಷ್ಟಿದ್ದರೂ ಈಜಲು ಹೋದ ಹುಡುಗರು, ನೀರಿಗಿಳಿದ ದನಕರುಗಳು ಬೇಲಿಯಿಲ್ಲದ ಕ್ವಾರಿಗಳಲ್ಲಿ ಮುಳುಗಿದ ಸುದ್ದಿ ನಿಂತಿಲ್ಲ. ಅಂಥ ಗುಂಡಿಗೆ 'ಸಾಹಸ ಕ್ರೀಡಾ ಸರೋವರ' ಎಂಬ ಫಲಕ ನೆಟ್ಟರೆ ಗಣಿ ಗುತ್ತಿಗೆದಾರನ ಬಾಕಿ ಒಮ್ಮೆಗೇ ಚುಕ್ತಾ ಆದಂತೆ. ಬೆಟ್ಟ ಬಗೆದವನು ಲಾಭದೊಂದಿಗೆ ಹೊರಟುಹೋಗುತ್ತಾನೆ. ಗಾಯದ ಮೇಲೆ ಟಿಕೆಟ್ ಮಾರುವವನು ಬರುತ್ತಾನೆ. ಹೆಣ ಎತ್ತುವ ಕೆಲಸ ಊರಿನವರ ಪಾಲಿಗೆ ಉಳಿಯುತ್ತದೆ.

ಹಾಗೆಂದು ಡೈವರುಗಳು ಊರಿನ ಶತ್ರುಗಳಲ್ಲ. ದಡದಲ್ಲಿ ನಿಂತವರಿಗೆ ಕಾಣದ್ದನ್ನು ಅವರು ಕಾಣುತ್ತಾರೆ: ತಳದಲ್ಲಿ ಕೂತ ಪ್ಲಾಸ್ಟಿಕ್, ಸುರಿದ ತ್ಯಾಜ್ಯ, ಯಾರೋ ತಂದುಬಿಟ್ಟ ಆಫ್ರಿಕನ್ ಕ್ಯಾಟ್‌ಫಿಶ್. 2002ರ ಜೀವವೈವಿಧ್ಯ ಕಾಯಿದೆಯಂತೆ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ಆ ದಾಖಲೆಯಲ್ಲಿ ಕೆರೆಯ ಮೇಲ್ಮೈಯಷ್ಟೇ ಅಲ್ಲದೆ ಒಡಲೂ ಸೇರಲು ಮುಳುಗಬಲ್ಲವರ ನೆರವು ಬೇಕಾದೀತು.

ಆದುದರಿಂದ ಗ್ರಾಮಸಭೆಗಳು ತಡಮಾಡದೆ ಕೆಲವು ನಿರ್ಣಯ ಕೈಗೊಳ್ಳುವುದು ಒಳಿತು. ಊರಿನ ಪ್ರತಿಯೊಂದು ಕ್ವಾರಿ ಹೊಂಡದ ಗುತ್ತಿಗೆ ಯಾರದು, ಯಾವಾಗ ಮುಗಿಯಿತು, ಬೇಲಿ ಇದೆಯೇ ಎಂಬ ಪಟ್ಟಿ ತಯಾರಾಗಲಿ. ಕಾಲೇಜು ವಿದ್ಯಾರ್ಥಿಗಳು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಈ ಕೆಲಸ ಮಾಡಬಲ್ಲರು. ಗಣಿ ಮುಚ್ಚುವ ಷರತ್ತುಗಳು ಪೂರೈಸುವವರೆಗೆ ಯಾವ ಕ್ರೀಡೆಗೂ ಪರವಾನಗಿ ಬೇಡ. ಕುಡಿಯುವ ನೀರಿನ ಕೆರೆಗಳಿಗೂ ದೇವರ ಮೀನುಗಳಿರುವ ಮಡುಗಳಿಗೂ ಯಾರೂ ಸಿಲಿಂಡರ್ ಹೊತ್ತು ಇಳಿಯುವುದು ಬೇಡ. ಉಳಿದೆಡೆ ಬರುವವರು ತರಬೇತಿಯ ಪ್ರಮಾಣಪತ್ರ ತೋರಿಸಲಿ, ಜೊತೆಗಾರರಿಲ್ಲದೆ ಇಳಿಯದಿರಲಿ, ತೊಳೆದು ಪೂರ್ತಿ ಒಣಗಿಸಿದ ಸಲಕರಣೆಯನ್ನಷ್ಟೇ ತರಲಿ, ಕಂಡದ್ದನ್ನು ಪಂಚಾಯಿತಿಗೆ ಬರೆದುಕೊಟ್ಟು ಹೋಗಲಿ.

ನೀರಿನಾಳದ ಕುತೂಹಲ ತಪ್ಪಲ್ಲ. ಆದರೆ ಆ ನೀರಿನ ಪಕ್ಕದಲ್ಲಿ ಬದುಕುವವರ ಒಪ್ಪಿಗೆ ಕೇಳಿ ಇಳಿಯುವುದು ಕಲಿಕೆಯ ಮೊದಲ ಪಾಠವಾಗಬೇಕು.