ಕಡಿಯುವುದಕ್ಕೂ ವಿವೇಕ ಬೇಕು

ಮಳೆಗಾಲಕ್ಕೆ ಮುಂಚೆ ಮುಂಬಯಿಯ ಹೌಸಿಂಗ್ ಸೊಸೈಟಿಗಳ ಸಭೆಗೆ ಹೋದವರಿಗೆ ಈ ಜಗಳ ಹೊಸದಲ್ಲ. ಅಂಗಳದ ಹಳೆಯ ಮಳೆಮರ ವಾಲಿದೆ; ಬುಡದಲ್ಲಿ ಅಣಬೆ ಎದ್ದಿದೆ; ಕಾಂಡವನ್ನು ತಟ್ಟಿದರೆ ಟೊಳ್ಳು ಸದ್ದು. 'ಕಡಿಯುವುದು ಪಾಪ' ಎನ್ನುತ್ತದೆ ಒಂದು ಪಕ್ಷ. 'ನಾಳೆಯೇ ಕಡಿಸಿ, ಕೆಳಗೆ ಕಾರುಗಳಿವೆ' ಎನ್ನುತ್ತದೆ ಇನ್ನೊಂದು. ಹೇಗೆ ಕಡಿಯಬೇಕು, ಯಾರು ಕಡಿಯಬೇಕು ಎಂದು ಕೇಳುವವರಿಲ್ಲ. ನಮ್ಮ ತಕರಾರು ಈ ಮೌನದ ಬಗ್ಗೆ.

ಇಂಥ ಮರ ತಾನಾಗಿ ಸಾಯುವುದು ಅಪರೂಪ. ಚರಂಡಿಗೆಂದು, ಕೇಬಲ್ಲಿಗೆಂದು ಬೇರು ಕತ್ತರಿಸಿ, ಕಾಂಡದವರೆಗೂ ಕಾಂಕ್ರೀಟು ಸುರಿದವರು ನಾವೇ. ದೆಹಲಿಯ ಮರಗಳ ಸುತ್ತ ಒಂದು ಮೀಟರಿನಷ್ಟು ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಬೇಕಾಯಿತು. ಮಹಾರಾಷ್ಟ್ರದಲ್ಲಿ 1975ರಿಂದಲೂ ನಗರದ ಮರಗಳಿಗೆ ಕಾಯಿದೆಯ ರಕ್ಷಣೆಯಿದೆ. ವೃಕ್ಷ ಪ್ರಾಧಿಕಾರದ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಆ ಕಾಗದ ಕೈಗೆ ಬಂದೊಡನೆ ನಮ್ಮ ಹೊಣೆ ಮುಗಿಯಿತೆಂದುಕೊಳ್ಳುತ್ತೇವೆ. ನಿಜವಾದ ಹೊಣೆ ಅಲ್ಲಿಂದಲೇ ಶುರು.

ಕಟ್ಟಡಗಳ ನಡುವಿನ ದೊಡ್ಡ ಮರವನ್ನು ಬುಡದಿಂದ ಉರುಳಿಸಲಾಗದು. ಮೇಲಿನಿಂದ ಕೆಳಕ್ಕೆ ಬಿಡಿಸಿಕೊಂಡು ಬರಬೇಕು. ವಿದ್ಯುತ್ ತಂತಿಯ ಹರಿವು ಮೊದಲು ನಿಲ್ಲಬೇಕು. ಗೂಡುಗಳಿವೆಯೇ ಎಂದು ನೋಡಬೇಕು. ಪ್ರತಿ ಭಾರಿ ಕೊಂಬೆಯನ್ನೂ ಕತ್ತರಿಸುವ ಮುನ್ನ ಹಗ್ಗಕ್ಕೆ ಕಟ್ಟಿ, ಕತ್ತರಿಸಿದ ಮೇಲೆ ನಿಧಾನವಾಗಿ ಇಳಿಸಬೇಕು. ಮೊದಲು ಅಡಿಯಿಂದ ಅರ್ಧಂಬರ್ಧ ಕೊಯ್ದು ಆಮೇಲೆ ಮೇಲಿನಿಂದ ಕೊಯ್ಯದಿದ್ದರೆ ಕೊಂಬೆ ಸಿಗಿದುಕೊಂಡು ಕಾಂಡದ ತೊಗಟೆಯನ್ನೂ ಎಳೆದುಕೊಂಡು ಬೀಳುತ್ತದೆ. ಕೊನೆಗುಳಿದ ಬೊಡ್ಡೆಯನ್ನು ಬೀಳಿಸುವಾಗ, ಬೀಳಬೇಕಾದ ದಿಕ್ಕಿಗೆ ಕಚ್ಚು ಹಾಕಿ, ಎದುರು ಬದಿಯಿಂದ ಕೊಯ್ಯುತ್ತ ಬಂದು, ನಡುವೆ ಒಂದಿಷ್ಟು ಮರವನ್ನು ಕೊಯ್ಯದೆ ಬಿಡಬೇಕು. ಬಾಗಿಲಿಗೆ ಕೀಲು ಇದ್ದಂತೆ ಅದು. ಬೀಳುವ ಮರವನ್ನು ದಾರಿ ತಪ್ಪದಂತೆ ಹಿಡಿದಿರುವುದು ಅದೊಂದೇ. ಒಳಗೆ ಟೊಳ್ಳಾದ ಮರದಲ್ಲಿ ಆ ಕೀಲನ್ನು ನಂಬುವಂತಿಲ್ಲ. ಅಂಥ ಮರಕ್ಕೆ ಆಳನ್ನು ಹತ್ತಿಸಲೂಬಾರದು, ಕ್ರೇನು ತರಿಸಬೇಕು.

ಇದು ವಿದ್ಯೆ. ನಾವೋ ಇದನ್ನು ಕೂಲಿಯೆಂದು ಕರೆದು, ಬಂದ ಕೊಟೇಷನ್‌ಗಳಲ್ಲಿ ಅತಿ ಕಡಿಮೆಯದನ್ನು ಒಪ್ಪುತ್ತೇವೆ. ಆ ಮೊತ್ತದಲ್ಲಿ ಹೆಲ್ಮೆಟ್ಟಿಲ್ಲ, ಸೊಂಟಪಟ್ಟಿಯಿಲ್ಲ, ವಿಮೆಯಿಲ್ಲ, ಎರಡನೆಯ ಹಗ್ಗವೂ ಇಲ್ಲ. ರಬ್ಬರ್ ಚಪ್ಪಲಿಯ ಹುಡುಗನೊಬ್ಬ ಮೂರನೆಯ ಮಹಡಿಯೆತ್ತರದಲ್ಲಿ, ತಾನು ಕೊಯ್ಯುತ್ತಿರುವ ಕೊಂಬೆಗೇ ಆತು ನಿಂತಿರುತ್ತಾನೆ. ನಾವು ಬಾಲ್ಕನಿಯಲ್ಲಿ ನಿಂತು ಮರಕ್ಕಾಗಿ ಮರುಗುತ್ತ ಚಿತ್ರ ತೆಗೆಯುತ್ತೇವೆ.

ಸಾಲುಮರದ ತಿಮ್ಮಕ್ಕನ ನಾಡಿನವರೆಂದು ಪರಊರಿನಲ್ಲಿ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆಕೆ ಆಲದ ಸಸಿಗಳಿಗೆ ನೀರು ಹೊತ್ತವರು. ಅವರ ಪ್ರೀತಿಗೆ ಬೆವರಿನ ಲೆಕ್ಕವಿತ್ತು. ನಮ್ಮ ಪ್ರೀತಿಗೆ ಯಾವ ಲೆಕ್ಕವಿದೆ? ಮುಂದಿನ ಸಭೆಯಲ್ಲಿ ಪಾಪಪುಣ್ಯದ ಚರ್ಚೆ ಎದ್ದಾಗ ನಾವು ಮೂರು ಪ್ರಶ್ನೆ ಕೇಳೋಣ: ಈ ಮರವನ್ನು ಬಲ್ಲವರು ಪರೀಕ್ಷಿಸಿದ್ದಾರೆಯೇ? ಹತ್ತುವವನ ಜೀವಕ್ಕೆ ಏನು ರಕ್ಷಣೆ? ಉಳಿದ ಮರಗಳ ಬುಡದ ಕಾಂಕ್ರೀಟನ್ನು ಯಾವಾಗ ಒಡೆಸುತ್ತೀರಿ? ಉತ್ತರ ಸಿಗುವವರೆಗೆ ಕಡಿಸುವ ಠರಾವಿಗೆ ನಮ್ಮ ಸಹಿ ಬೀಳದಿರಲಿ. ಅಷ್ಟು ದಿನ ಮರದ ಕೆಳಗೆ ಯಾರೂ ಸುಳಿಯದಂತೆ ಹಗ್ಗ ಕಟ್ಟಿಸೋಣ. ಕಾರುಗಳು ಬೀದಿಯಲ್ಲಿ ನಿಲ್ಲಲಿ.