ಬಾಡಿಗೆ ಎಣಿಸಿಕೊಳ್ಳುವ ಮಾಸ್ತರರೇ, ಅದನ್ನು ರಿಟರ್ನ್‌ನಲ್ಲೂ ಬರೀರಿ

ನಮ್ಮಣ್ಣ ಹೈಸ್ಕೂಲ್ ಮಾಸ್ತರ. ಬಸವನ ಬಾಗೇವಾಡಿಯಲ್ಲಿ ಸಾಲ ಮಾಡದೆ, ಹತ್ತು ವರ್ಷ ಕೂಡಿಟ್ಟು ಮನೆ ಕಟ್ಟಿಸಿದ. ಬಣ್ಣ ಆರುವ ಮೊದಲೇ ಮುದ್ದೇಬಿಹಾಳಕ್ಕೆ ವರ್ಗವಾಯಿತು. 2024ರ ಜೂನ್‌ನಿಂದ ತನ್ನ ಮನೆಯನ್ನು ತಿಂಗಳಿಗೆ 6,000ಕ್ಕೆ ಬಾಡಿಗೆ ಕೊಟ್ಟು, ತಾನು ಮುದ್ದೇಬಿಹಾಳದಲ್ಲಿ ಬಾಡಿಗೆ ಮನೆ ಹಿಡಿದ. ಅಂದರೆ ಒಂದೇ ತಿಂಗಳಲ್ಲಿ ಮಾಲೀಕನೂ ಆದ, ಬಾಡಿಗೆದಾರನೂ ಆದ.

ಅವನ ಮನೆಗೆ ಬಂದವರು ಒಬ್ಬ ನರ್ಸ್. ಕಳೆದ ವರ್ಷ ಅವರು ಫೋನ್ ಮಾಡಿ, "ಸರ್, ಗೃಹಜ್ಯೋತಿಗೆ ನಮ್ಮ ಹೆಸರು ಹಚ್ಚಬೇಕು, ಬಾಡಿಗೆ ಕರಾರು ಮಾಡಿಕೊಡ್ರಿ" ಅಂದರು. ಅಣ್ಣ ಏನಂದ ಗೊತ್ತೇನು? "ಕರಾರು ಗಿರಾರು ಬ್ಯಾಡ್ರಿ. ಇನ್‌ಕಮ್ ಟ್ಯಾಕ್ಸ್‌ನಾಗ ಬರ್ತದ. ಬೇಕಂದ್ರ ನೂರು ರೂಪಾಯಿ ಕಮ್ಮಿ ಕೊಡ್ರಿ." ಅದೇ ವಾರ ನನ್ನ ಹತ್ತಿರ ಕೂತು ಅವನು ಬೈಯುತ್ತಿದ್ದದ್ದು ತನ್ನ ಮಾಲೀಕನನ್ನು. ಕಾರಣ? ಆ ಪುಣ್ಯಾತ್ಮ ಕರಾರು ಮಾಡಿಕೊಡುತ್ತಿಲ್ಲ, ಇವನಿಗೆ ಗೃಹಜ್ಯೋತಿ ಸಿಗುತ್ತಿಲ್ಲ!

ನಾನು ನಕ್ಕೆ. ಅವನು ಹದಿನೈದು ದಿನ ಮಾತು ಬಿಟ್ಟ. ಈಗ "ಹೆಸರು ಹಾಕಬ್ಯಾಡ, ಬಾಕಿದ್ದು ಬರಿ" ಅಂದಿದ್ದಾನೆ.

ಇದು ನಮ್ಮಣ್ಣನೊಬ್ಬನ ಕಥೆ ಆಗಿದ್ದರೆ ಬರೆಯುತ್ತಿರಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ಕಡೆ ಸುದ್ದಿಗೆ ಓಡಾಡುವವನು ನಾನು. ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ಹೊಸ ತಾಲೂಕು ಆದಮೇಲೆ ಮನೆ ಹುಡುಕುವ ನೌಕರರು ಎಲ್ಲಿ ನೋಡಿದರೂ ಸಿಗುತ್ತಾರೆ. ಮನೆ ಕೊಡುವವರಲ್ಲೂ ಬಹಳಷ್ಟು ಮಂದಿ ನೌಕರರೇ: ಮಾಸ್ತರು, ಗ್ರಾಮ ಲೆಕ್ಕಿಗರು, ಹೆಸ್ಕಾಂನವರು, ಬ್ಯಾಂಕಿನವರು. ಮೊದಲ ಸಲ ಮಾಲೀಕರಾದವರು. ಎಲ್ಲರದೂ ಒಂದೇ ಪದ್ಧತಿ. ಬಾಡಿಗೆ ಕೈಯಲ್ಲಿ ಕೊಡಿ, ಫೋನ್‌ಪೇ ಬೇಡ, ರಸೀದಿ ಕೇಳಬೇಡಿ. ನಾನು ಸಿಂದಗಿಯಲ್ಲಿ ಮೂರು ವರ್ಷ ಹಾಗೇ ಇದ್ದೆ. ನಾನು ಆ ಊರಲ್ಲಿ ಇದ್ದೆ ಅನ್ನುವುದಕ್ಕೆ ಒಂದು ಚೀಟಿ ಇಲ್ಲ.

ಜುಲೈ ಬಂತೆಂದರೆ ಇವರೆಲ್ಲ ಫಾರಂ-16 ಹಿಡಿದು ಆನ್‌ಲೈನ್ ಸೆಂಟರಿಗೆ ಹೋಗುತ್ತಾರೆ. ಅಲ್ಲಿನ ಹುಡುಗ ಸಂಬಳ ನೋಡಿ ಬಟನ್ ಒತ್ತುತ್ತಾನೆ. ಬಾಡಿಗೆ ಬರೆಯಲಿಲ್ಲ ಯಾಕೆ ಅಂದರೆ, "ಫಾರಂ-16ನಾಗ ಇಲ್ಲಲ್ಲ?" ಎಲ್ಲಿಂದ ಇರಬೇಕು ಸ್ವಾಮಿ? ಅದು ಸಂಬಳ ಕೊಟ್ಟವರು ಕೊಟ್ಟ ಕಾಗದ. ನಿಮ್ಮ ಮನೆ ಬಾಡಿಗೆ ಅವರಿಗೆ ಕನಸಿನಲ್ಲಿ ಕಾಣುತ್ತದೆಯೇ? ಇಲಾಖೆಗೆ ಕೊಡುವ ಆಸ್ತಿ-ಋಣ ಪಟ್ಟಿಯಲ್ಲಿ ಅದೇ ಮನೆಯನ್ನು ಬರೆದಿರುತ್ತೀರಿ. ಒಂದು ಕಾಗದದಲ್ಲಿ ಮನೆ ಇದೆ, ಇನ್ನೊಂದರಲ್ಲಿ ಅದರ ಬಾಡಿಗೆ ಇಲ್ಲ.

ನನ್ನ ಸಿಟ್ಟು ತೆರಿಗೆ ಇಲಾಖೆಗೆ ನಷ್ಟ ಆಯಿತೆಂದಲ್ಲ. ನೀವು ಹೆದರಿಕೊಂಡು ಮುಚ್ಚಿಡುವುದರ ದಂಡವನ್ನು ನಿಮ್ಮ ಬಾಡಿಗೆದಾರರು ಕಟ್ಟುತ್ತಿದ್ದಾರೆ. 2023ರಲ್ಲಿ ಬಂದ ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ಆದರೆ ಆ ಮನೆಯಲ್ಲಿ ವಾಸವಿದ್ದೀರಿ ಅನ್ನುವ ದಾಖಲೆ ಬೇಕು, ಊರು ಬಿಟ್ಟು ಬಂದವರಿಗೆ ಸಿಗಬಹುದಾದ ದಾಖಲೆ ಅಂದರೆ ಬಾಡಿಗೆ ಕರಾರು. ಗ್ಯಾಸ್ ಕನೆಕ್ಷನ್, ಆಧಾರ್ ವಿಳಾಸ, ಎಲ್ಲದಕ್ಕೂ ಅದೇ ಮಾತು. ನಿಮಗಿಂತ ಕಡಿಮೆ ಸಂಬಳದ, ಗುತ್ತಿಗೆ ಮೇಲೆ ದುಡಿಯುವ ಹೆಣ್ಣುಮಗಳು ತಿಂಗಳು ತಿಂಗಳು ಕರೆಂಟ್ ಬಿಲ್ಲು ತುಂಬುತ್ತಾಳೆ.

ಹೋಗಲಿ, ಇಷ್ಟು ಮುಚ್ಚಿಟ್ಟು ಉಳಿಸುವುದೆಷ್ಟು? ಅಣ್ಣನ ಲೆಕ್ಕವನ್ನೇ ಹಾಕೋಣ, ನಾನೇ ಕೂತು ತುಂಬಿದ್ದು.

2025-26ರಲ್ಲಿ ಅವನ ಒಟ್ಟು ಸಂಬಳ 9 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 75,000 ಸೀದಾ ಕಳೆಯುತ್ತದೆ, ಉಳಿದದ್ದು 8,25,000. ಬಾಡಿಗೆ ವರ್ಷಕ್ಕೆ 72,000. ಅದರಲ್ಲಿ ಪುರಸಭೆಗೆ ಕಟ್ಟಿದ ಮನೆ ತೆರಿಗೆ 2,000 ಕಳೆದರೆ 70,000. ಇದರ ಮೇಲೆ ನೂರಕ್ಕೆ 30ರಷ್ಟು, ಅಂದರೆ 21,000, ಕಾನೂನೇ ಬಿಡುತ್ತದೆ. ಸುಣ್ಣ ಬಣ್ಣದ ಬಿಲ್ಲು, ಗಿಲಾವಿನ ಬಿಲ್ಲು ಯಾವುದೂ ಬೇಡ. ಒಂದು ಮೊಳೆ ಹೊಡೆಯದಿದ್ದರೂ ಬಿಡುತ್ತದೆ. ಉಳಿಯಿತು 49,000. ಸಂಬಳಕ್ಕೆ ಕೂಡಿಸಿ, 8,74,000. ಆ ವರ್ಷದಿಂದ 12 ಲಕ್ಷದವರೆಗಿನ ಆದಾಯಕ್ಕೆ ಪೂರ್ತಿ ರಿಯಾಯಿತಿ ಇದೆ.

ತೆರಿಗೆ: ಸೊನ್ನೆ.

ಈ ಸೊನ್ನೆ ಉಳಿಸಲಿಕ್ಕೆ ಅವನು ನರ್ಸಮ್ಮನಿಗೆ ಕರಾರು ಕೊಟ್ಟಿರಲಿಲ್ಲ!

ಮನೆ ತೆರಿಗೆ ವಿಷಯ ಒಂದು ಮಾತು. ಆ ವರ್ಷ ನಿಜವಾಗಿ ಕಟ್ಟಿದ್ದರೆ ಮಾತ್ರ ಕಳೆಯಲು ಬರುತ್ತದೆ, ಬಾಕಿ ಇದ್ದರೆ ಇಲ್ಲ. ಪಂಚಾಯ್ತಿ ತೆರಿಗೆಯೂ ನಡೆಯುತ್ತದೆ. ರಸೀದಿ ಇಟ್ಟುಕೊಳ್ಳಿ.

ಇಂಡಿಯ ಗೆಳೆಯನೊಬ್ಬನದು ಇನ್ನೂ ತಮಾಷೆ. ಬ್ಯಾಂಕ್ ಸಾಲದ ಮನೆ, ವರ್ಷಕ್ಕೆ ಬಡ್ಡಿಯೇ 1,10,000. ಬಾಡಿಗೆ 60,000. ಬಾಡಿಗೆಗೆ ಕೊಟ್ಟ ಮನೆಯ ಸಾಲದ ಬಡ್ಡಿಯನ್ನು ಬಾಡಿಗೆಯಲ್ಲಿ ಕಳೆಯಬಹುದು, ಹೊಸ ಪದ್ಧತಿಯಲ್ಲೂ. 30ರ ರಿಯಾಯಿತಿ ಕಳೆದು ಉಳಿದದ್ದನ್ನು ಬಡ್ಡಿ ನುಂಗಿ ನೀರು ಕುಡಿಯುತ್ತದೆ. (ಮಿಕ್ಕ ನಷ್ಟವನ್ನು ಹೊಸ ಪದ್ಧತಿಯಲ್ಲಿ ಸಂಬಳದ ಎದುರು ಹಚ್ಚಲು ಬರುವುದಿಲ್ಲ. ಹಳೆಯದರಲ್ಲಿ 2 ಲಕ್ಷದವರೆಗೆ ಬರುತ್ತದೆ.) ಸಂಬಳ ಎಷ್ಟೇ ಇರಲಿ, ಆ ಬಾಡಿಗೆಗೆ ಅವನು ತೆರಿಗೆ ಕಟ್ಟಬೇಕಾದದ್ದೇ ಇರಲಿಲ್ಲ. ಮೂರು ವರ್ಷ ಕಳ್ಳನ ಹಾಗೆ ಬಾಡಿಗೆ ಎಣಿಸಿದ.

ಎಲ್ಲರಿಗೂ ಸೊನ್ನೆ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಅಣ್ಣನ ಸಹೋದ್ಯೋಗಿಯೊಬ್ಬರು ಹಿರಿಯರು, 75,000 ಕಳೆದ ಮೇಲೆ ಅವರದು 11,80,000. ಅದಕ್ಕೆ ಅದೇ 49,000 ಕೂಡಿಸಿದರೆ 12,29,000. ಗೆರೆ ದಾಟಿತು. ದಾಟಿದ 29,000 ಪೂರ್ತಿ ತೆರಿಗೆ, ಮೇಲೆ ಸೆಸ್ ಸೇರಿ 30,160. ಕೈಗೆ ಬಂದ 72,000 ಬಾಡಿಗೆಯಲ್ಲಿ 30,160 ಹೋಯಿತು! ಇದು ನ್ಯಾಯವೇ ಅಂದರೆ, ಅಲ್ಲ. ಗೆರೆಯ ಅಂಚಿನಲ್ಲಿ ನಿಂತವನಿಗೆ ಸರ್ಕಾರ ಹೀಗೆ ಪೆಟ್ಟು ಕೊಡಬಾರದು. ಅದನ್ನು ಸಂಘದಲ್ಲಿ ಎತ್ತಿ, ಸಂಸದರಿಗೆ ಮನವಿ ಕೊಡಿ, ನಾನು ಸುದ್ದಿ ಮಾಡುತ್ತೇನೆ. ಆದರೆ ಆ ಸಿಟ್ಟನ್ನು ಬಾಡಿಗೆದಾರರ ಮೇಲೆ ಯಾಕೆ ತೀರಿಸುತ್ತೀರಿ? ಮತ್ತೆ, ಈ ಅಂಚಿನಲ್ಲಿ ಇಲ್ಲದವರೂ ಇದೇ ನೆಪ ಹೇಳುವುದನ್ನು ಕೇಳಿ ಸಾಕಾಗಿದೆ.

ಇನ್ನು ಕೆಲವರ ಜಾಣತನ. "ಮನಿ ಹೆಂಡ್ತಿ ಹೆಸರಿಗದ." ನಿಮ್ಮ ದುಡ್ಡಲ್ಲಿ ಕೊಂಡು ಅವರ ಹೆಸರಿಗೆ ಮಾಡಿದ್ದರೆ ಬಾಡಿಗೆ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಅವರ ದುಡಿಮೆಯದೇ ಆದರೆ ಅವರ ಲೆಕ್ಕಕ್ಕೆ, ಬಹಳ ಒಳ್ಳೆಯದು. "ತೊಗರಿ ಮಾರಿದ ದುಡ್ಡಂತ ತೋರಿಸ್ತೀನಿ" ಅನ್ನುವವರೂ ಇದ್ದಾರೆ. ಇಂಡಿಯಲ್ಲಾದರೆ ಲಿಂಬೆ. ಪೇಟೆ ಮನೆಯ ಬಾಡಿಗೆ ಯಾವ ಗಿಡದಲ್ಲೂ ಬಿಡುವುದಿಲ್ಲ. ರೈತನ ಆದಾಯಕ್ಕೆ ಇರುವ ವಿನಾಯಿತಿಯನ್ನು ಹೀಗೆ ಬಳಸಿ ಬಳಸಿ, ನಾಳೆ ನಿಜವಾದ ರೈತನ ಮೇಲೆ ಅನುಮಾನ ಬರುವ ಹಾಗೆ ಮಾಡುತ್ತಿರುವವರು ಇವರೇ.

"ಯಾರು ನೋಡ್ತಾರ?" ಅನ್ನುವವರಿಗೆ: ವರ್ಷದ ಬಾಡಿಗೆ 1 ಲಕ್ಷ ದಾಟಿ, ನಿಮ್ಮ ಬಾಡಿಗೆದಾರ ಹಳೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಗೆ ವಿನಾಯಿತಿ ಕೇಳಿದರೆ ನಿಮ್ಮ ಪ್ಯಾನ್ ಕೊಡಲೇಬೇಕು. ಕೂಡಗಿ ವಿದ್ಯುತ್ ಸ್ಥಾವರದ ಕಡೆ ಬಂದವರಿಗೆ ಒಳ್ಳೆ ಬಾಡಿಗೆಗೆ ಮನೆ ಕೊಟ್ಟವರು ಇದನ್ನು ನೆನಪಿಡಿ. ತೆರಿಗೆ ಇಲಾಖೆ 2025ರ ಜುಲೈನಲ್ಲಿ ಸುಳ್ಳು ವಿನಾಯಿತಿ ಹುಡುಕಿಕೊಂಡು ದೇಶದ 150 ಕಡೆ ತಪಾಸಣೆ ಮಾಡಿತು. ಅದಕ್ಕೂ ಮೊದಲಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಜನ ತಾವಾಗಿ ರಿಟರ್ನ್ ತಿದ್ದಿ 1,045 ಕೋಟಿಯ ಸುಳ್ಳು ಬೇಡಿಕೆ ವಾಪಸ್ ತೆಗೆದುಕೊಂಡಿದ್ದರು. ಸಿಕ್ಕಿಬಿದ್ದ ಮೇಲೆ ಸುಳ್ಳು ಲೆಕ್ಕಕ್ಕೆ ದಂಡ ತೆರಿಗೆಯ ಎರಡು ಪಟ್ಟು.

ತಪ್ಪು ನೌಕರರದಷ್ಟೇ ಅಲ್ಲ, ಅದನ್ನೂ ಹೇಳಬೇಕು. ಮೊದಲ ಸಲ ಮಾಲೀಕನಾದವನಿಗೆ ಇದನ್ನು ಕನ್ನಡದಲ್ಲಿ ಕೂಡಿಸಿಕೊಂಡು ಹೇಳುವವರು ತಾಲೂಕಿನಲ್ಲಿ ಯಾರಿದ್ದಾರೆ? ನೌಕರರ ಸಂಘಗಳ ತಾಲೂಕು ಘಟಕಗಳು ಸನ್ಮಾನಕ್ಕೆ ಶಾಲು ತರುತ್ತವೆ, ಕ್ರಿಕೆಟ್ ಟೂರ್ನಿ ಮಾಡುತ್ತವೆ. ಜೂನ್‌ನಲ್ಲಿ ಒಂದು ಭಾನುವಾರ ಎರಡು ತಾಸು ಒಬ್ಬ ಲೆಕ್ಕಪರಿಶೋಧಕರನ್ನು ಕೂಡಿಸಲು ಏನು ಧಾಡಿ? ಸಂಬಳ ಬಟವಾಡೆ ಅಧಿಕಾರಿಗೆ ಬಾಡಿಗೆ ಆದಾಯ ಬರೆದುಕೊಟ್ಟರೆ ಬೀಳುವ ತೆರಿಗೆಯನ್ನು ತಿಂಗಳ ಸಂಬಳದಲ್ಲೇ ಹಿಡಿಯಬಹುದು ಅನ್ನುವುದನ್ನು ಎಷ್ಟು ಕಚೇರಿಗಳಲ್ಲಿ ಹೇಳಿದ್ದಾರೆ?

ಬಾಗೇವಾಡಿ ಬಸವಣ್ಣನ ಊರು. ಅವರು ಬಿಜ್ಜಳನ ಭಂಡಾರಿ, ಲೆಕ್ಕದ ಮನುಷ್ಯ. ಅವರ ಫೋಟೋ ಕೆಳಗೆ ಕೂತೇ ನಮ್ಮಣ್ಣ "ರಸೀದಿ ಬ್ಯಾಡ" ಅಂದದ್ದು.

ಹಳೆಯದನ್ನು ತಿದ್ದಲೂ ದಾರಿ ಇದೆ. ಪರಿಷ್ಕೃತ ರಿಟರ್ನ್‌ನ ಗಡುವು ಮುಗಿದಿದ್ದರೆ 'ಐಟಿಆರ್-ಯು' ಅಂತ ಇದೆ, ನಾಲ್ಕು ವರ್ಷದವರೆಗೆ ಹಾಕಬಹುದು, ತಡವಾದಷ್ಟೂ ಹೆಚ್ಚು ಕಟ್ಟಬೇಕು. ಅಣ್ಣ 2024-25ರ ಹತ್ತು ತಿಂಗಳ ಬಾಡಿಗೆ 60,000 ಬಿಟ್ಟಿದ್ದ. ಆ ವರ್ಷ ಮನೆ ತೆರಿಗೆ ಕಟ್ಟಿರಲಿಲ್ಲ, 30ರ ರಿಯಾಯಿತಿ ಮಾತ್ರ ಸಿಕ್ಕಿತು, ಉಳಿದದ್ದು 42,000. ಆಗ 12 ಲಕ್ಷದ ರಿಯಾಯಿತಿ ಇರಲಿಲ್ಲ. ಅವನಿಗೆ ನೂರಕ್ಕೆ 10ರ ಲೆಕ್ಕ, ಸೆಸ್ ಸೇರಿ 4,368. ಅದರ ಮೇಲೆ ನೂರಕ್ಕೆ 25 ಹೆಚ್ಚುವರಿ 1,092. ಒಟ್ಟು 5,460.

ಹಣ ತುಂಬುವಾಗ ಮುಖ ಹುಳ್ಳಗೆ ಮಾಡಿದ. ಆಮೇಲೆ ಬಾಗೇವಾಡಿಗೆ ಹೋಗಿ ಹನ್ನೊಂದು ತಿಂಗಳ ಕರಾರು ಬರೆದುಕೊಟ್ಟು ಬಂದ. ಬಾಡಿಗೆ ಈಗ ಅಕೌಂಟಿಗೇ ಬರುತ್ತದೆ. ಮುದ್ದೇಬಿಹಾಳದ ಅವನ ಮಾಲೀಕರು ಮಾತ್ರ ಇನ್ನೂ "ನೋಡೂಣ್ರಿ" ಅನ್ನುತ್ತಿದ್ದಾರೆ. ಅವರೂ ಮಾಸ್ತರೇ. ಈ ಲೇಖನದ ಲಿಂಕ್ ಅವರಿಗೆ ಕಳಿಸು ಅಂದರೆ ಅಣ್ಣ ಒಲ್ಲೆ ಅಂದ. ನಾನೇ ಕಳಿಸುತ್ತೇನೆ.